ಖಂಡೆಪೂಜೆಯ ವಹಿ

ಪೂನಂ ಸೆರಗಿನ ಮರೆಯಿಂದ ವಹಿ ತೆಗೆದು ಅಂಬುಬಾಯಿಯವರ ಮುಂದೆ ಇಟ್ಟಳು. ನೂರು ಪುಟದ ನೋಟ್‌ಬುಕ್ಕು, ಕಂದು ಕಾಗದದ ಹೊದಿಕೆ, ಹೊದಿಕೆಯ ಮೇಲೆ ಅಂಟಿಸಿದ ಚೀಟಿಯಲ್ಲಿ ಮಗಳ ಹೆಸರು: ಕುಮಾರಿ ಸ್ನೇಹಲ್. ಮಧ್ಯಾಹ್ನದ ಹೊತ್ತು. ಪಡಸಾಲೆಯಲ್ಲಿ ಆಡುತ್ತಿದ್ದ ಮಕ್ಕಳೆಲ್ಲ ಮನೆಗೆ ಹೋಗಿದ್ದರು. ಸ್ನೇಹಲ್ ಒಬ್ಬಳು ಮಾತ್ರ ಮೂಲೆಯಲ್ಲಿ ಮಣೆಗಳನ್ನು ಒಂದರ ಹಿಂದೊಂದು ಜೋಡಿಸುತ್ತ, ತನ್ನಷ್ಟಕ್ಕೆ ತಾನು ಯಾರಿಗೋ ಬೈಯುತ್ತ ಕುಳಿತಿದ್ದಳು.

ಅಂಬುಬಾಯಿ ಕನ್ನಡಕ ಏರಿಸಿ ಮೊದಲ ಪುಟ ತೆರೆದರು. ಸಾಲಿಗೆ ಹತ್ತರಂತೆ ಪುಟದ ತುಂಬ ಅ. ತಿರುವಿದರೆ ಪುಟದ ತುಂಬ ಆ. ಹೀಗೆ ನಾಲ್ಕು ಪುಟ.

"ಯಾರ್ ಬರದದ್ದಿದು?" ಎಂದು ಕೇಳಿದರು.

"ನಾನೇ ಬರದೇನ್ರಿ ಅಕ್ಕೋರೆ. ನೀವು ಕೆಂಪು ಶಾಯಿಲೆ ಕೆಳಗ ಸಹಿ ಅಷ್ಟ ಹಾಕ್ಕೊಡ್ರಿ."

ಅಂಬುಬಾಯಿ ವಹಿ ಮುಚ್ಚಿ, ಅದನ್ನು ಎರಡು ಬೆರಳಿನಿಂದ ಮೆಲ್ಲಗೆ ಪೂನಂಳ ಕಡೆಗೆ ಸರಿಸಿದರು. ಬೇಡ ಎನ್ನಲು ಅವರಿಗೆ ಮಾತು ಬೇಕಾಗುತ್ತಿರಲಿಲ್ಲ. ಐದು ವರ್ಷ ತುಂಬುವ ತನಕ ಮಗುವಿನ ಕೈಗೆ ಬಳಪ ಕೊಡುವುದಿಲ್ಲ ಎಂಬುದು ಅವರ ಹಟ. ದುಬಲಗುಂಡಿಯ ಬಾಲವಾಡಿಯಲ್ಲಿ ಇಪ್ಪತ್ತೆರಡು ವರ್ಷ ಕೂಲಿಕಾರರ ಮಕ್ಕಳನ್ನು ಆಡಿಸಿ, ಅದನ್ನು ಬಿಟ್ಟು ಬಂದ ಮೇಲೆ ಹುಮನಾಬಾದಿನ ತಮ್ಮ ತವರುಮನೆಯ ಪಡಸಾಲೆಯಲ್ಲೇ ಹದಿನಾಲ್ಕು ಮಕ್ಕಳನ್ನು ಕೂಡಿಸಿಕೊಂಡಿದ್ದರು. ಅದಕ್ಕೆ ಶಾಲೆ ಎನ್ನಬೇಕೋ ಬೇಡವೋ ಎಂಬುದು ಓಣಿಯಲ್ಲಿ ಇನ್ನೂ ತೀರ್ಮಾನವಾಗಿರಲಿಲ್ಲ. ಬೋರ್ಡಿಲ್ಲ, ಬೆಂಚಿಲ್ಲ, ಗಂಟೆಯಿಲ್ಲ. ಇದ್ದದ್ದು ಉಸುಕಿನ ಗುಡ್ಡೆ, ನೀರಿನ ಬೋಗುಣಿ, ಡಬ್ಬಿಯ ತುಂಬ ಹುಣಸೆಬೀಜ, ಹಳೆ ಸೀರೆಯ ಗೊಂಬೆಗಳು, ಹದಿನೈದಿಪ್ಪತ್ತು ಮಣೆ. ಮನೆಗೆ ಬರುವಾಗ ಮಕ್ಕಳ ಕೈ ಕೆಸರು, ಚೀಲ ಖಾಲಿ. ಅಂಥಲ್ಲಿ ಮಗಳನ್ನು ಹಾಕಲು ಪೂನಂಳಿಗಾದರೂ ಮೊದಲು ಎಲ್ಲಿ ಮನಸ್ಸಿತ್ತು?

ಮೊದಲು ಹಾಕಿದ್ದು ಇಂಗ್ಲಿಷ್ ಮೀಡಿಯಂ ಶಾಲೆಗೇ. ೨೦೦೨ರ ಜೂನ್ ಅದು. ಹೆದ್ದಾರಿಯ ಎರಡೂ ಬದಿಗೆ ಕಾನ್ವೆಂಟುಗಳು ಏಳುತ್ತಿದ್ದ ಕಾಲ. ಪೂನಂಳ ಗಂಡ ಬಸವಕುಮಾರನದು ಪಾತ್ರೆ ಮಾರುವ ಭಾಂಡೆ ಅಂಗಡಿ. ಅವನ ಮಗಳು ಕಾನ್ವೆಂಟಿಗೆ ಹೋಗದಿದ್ದರೆ ಬಜಾರಿನಲ್ಲಿ ಮರ್ಯಾದೆ ಉಳಿದೀತೇ? ಹೊಕ್ಕುಳ ದಾಟಿ ಇಳಿಯುವ ಟೈ ಕಟ್ಟಿಕೊಂಡು ನಾಲ್ಕು ವರ್ಷದ ಸ್ನೇಹಲ್ ಹೋದಳು. ಅವಳಿಗೆ ಮಾತಿನ ಮೊದಲಕ್ಷರದಲ್ಲಿ ಸ್ವಲ್ಪ ತಡೆಯುತ್ತಿತ್ತು, ಅಷ್ಟೇ. ಹನ್ನೆರಡನೆಯ ದಿನ ಟೀಚರು ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿ ಎಲಿಫೆಂಟ್ ಎನ್ನಲು ಹೇಳಿದಳು. ಎ ಎ ಎ ಎಂದು ಅಲ್ಲೇ ಸಿಕ್ಕಿಕೊಂಡ ಮಗುವನ್ನು ನೋಡಿ ನಲವತ್ತು ಮಕ್ಕಳು ನಕ್ಕವು, ಟೀಚರೂ ನಕ್ಕಳು. ಬೆಂಚು ಒದ್ದೆಯಾಯಿತು. ಅಂದು ಮುಚ್ಚಿದ ಬಾಯಿ ಮನೆಯಲ್ಲೂ ತೆರೆಯಲಿಲ್ಲ. ನೀರು ಬೇಕಾದರೆ ಲೋಟ ತಂದು ಮುಂದೆ ಹಿಡಿಯುತ್ತಿದ್ದಳು, ಹಸಿವಾದರೆ ತಾಟು.

ವೀರಭದ್ರನಿಗೆ ಹರಕೆಯಾಯಿತು, ದರ್ಗಾದಲ್ಲಿ ತಾಯಿತ ಕಟ್ಟಿಸಿದ್ದಾಯಿತು. ಬಸವಕಲ್ಯಾಣದಲ್ಲಿ ಅತ್ತೆ ಮೀರಾಬಾಯಿ, ಹೆಣ್ಣುಹುಡುಗಿಗೆ ಮೂಗಿ ಅಂತ ಹೆಸರು ಬಂದರೆ ನಾಳೆ ಯಾರು ಮಾಡಿಕೊಳ್ಳುತ್ತಾರೆ ಎಂದು ಕಣ್ಣೊರೆಸಿಕೊಂಡರು. ಗುಲ್ಬರ್ಗಾದ ಮಕ್ಕಳ ಡಾಕ್ಟರು ಕಿವಿ ನೋಡಿ, ನಾಲಿಗೆ ನೋಡಿ, ಕೂಸು ಹೆದರಿದೆ, ಆ ಶಾಲೆ ಬಿಡಿಸಿ, ಆಡಲಿಕ್ಕೆ ಬಿಡಿ ಎಂದು ಚೀಟಿಯಲ್ಲಿ ಒಂದು ಟಾನಿಕ್ಕು ಬರೆದುಕೊಟ್ಟರು. ಆಡಲಿಕ್ಕೆ ಎಲ್ಲಿ ಬಿಡಬೇಕು ಎಂದು ಗಂಡಹೆಂಡತಿ ತಲೆ ಕೆಡಿಸಿಕೊಂಡಿದ್ದಾಗ ಅಂಬುಬಾಯಿಯವರ ಹೆಸರು ಹೇಳಿದವನು ಶಂಶುದ್ದೀನ್. ಬಸವಕುಮಾರನ ಅಂಗಡಿಯ ಮಗ್ಗುಲಲ್ಲೇ ಅವನ ಟೈರಿನ ಅಂಗಡಿ.

"ನಮ್ಮ ಮಹಜಬೀನ್ ಅಲ್ಲೇ ಹೋಗ್ತಾಳ ಬಸಣ್ಣ. ಏನೂ ಕಲಸಂಗಿಲ್ಲ ಅವರು, ಅದು ಖರೇ," ಎಂದಿದ್ದ. "ಆದ್ರ ಹುಡುಗಿ ಮುಂಜಾನಿ ಎದ್ದು ತಾನೇ ಚಪ್ಪಲ್ ಹಾಕ್ಕೊಂಡು ಹೊಸ್ತಿಲದಾಗ ಕುಂದರ್ತಾಳ."

ಪೂನಂ ನೋಡಲು ಹೋದ ದಿನ ಪಡಸಾಲೆಯಲ್ಲಿ ಬಸ್ಸಿನ ಆಟ ನಡೆದಿತ್ತು. ಮಣೆಗಳ ಮೇಲೆ ಮಕ್ಕಳು ಪ್ಯಾಸೆಂಜರಾಗಿ ಕುಳಿತಿದ್ದರು. ಒಬ್ಬ ಸ್ಟೀಲಿನ ತಾಟು ತಿರುವುತ್ತ ಡ್ರೈವರಾಗಿದ್ದ, ಇನ್ನೊಬ್ಬ ಕೊರಳಿಗೆ ಚೀಲ ಹಾಕಿಕೊಂಡು ಚಮಚದಿಂದ ಡಬ್ಬಿ ಬಡಿಯುತ್ತ ಕಂಡಕ್ಟರಾಗಿದ್ದ. ಐವತ್ತೈದು ದಾಟಿದ ಅಂಬುಬಾಯಿ ತಲೆಯ ಮೇಲೆ ಬುಟ್ಟಿ ಹೊತ್ತು, ಸೀಟು ಸಿಗದ ಮುದುಕಿಯಾಗಿ ನಡುವೆ ಓಲಾಡುತ್ತ ನಿಂತಿದ್ದರು. ದುಬಲಗುಂಡಿ, ರಾಜೇಶ್ವರ, ನಾರಾಯಣಪುರ, ಕಲ್ಯಾಣ! ಇಂಥ ರೂಟಿನ ಬಸ್ಸು ಯಾವ ಡಿಪೋದಲ್ಲೂ ಇಲ್ಲ. ಇದೇನು ಶಾಲೆಯೋ ಸಂತೆಯೋ ಎಂದು ಪೂನಂ ಮೂಗು ಮುರಿದಳು. ಬಸವಕುಮಾರನಂತೂ ಬಾಗಿಲಿನಿಂದಲೇ ಹಿಂದಿರುಗುವವನಿದ್ದ. ಆದರೆ ಸ್ನೇಹಲ್ ತಾಯಿಯ ಕೈ ಬಿಡಿಸಿಕೊಂಡು ಹೋಗಿ ಕೊನೆಯ ಮಣೆಯ ಮೇಲೆ ಕುಳಿತುಬಿಟ್ಟಳು. ಕಲ್ಯಾಣದಲ್ಲಿರುವ ತನ್ನ ಅಪ್ಪನಿಗೆ ಇದು ಇಂಥ ಶಾಲೆ ಅಂತ ಹೇಳಬಾರದು, ಶಾಲೆ ಬದಲಿಸಿದೆವು ಅಂದರೆ ಸಾಕು ಎಂಬ ಕರಾರಿನ ಮೇಲೆ ಬಸವಕುಮಾರ ಒಪ್ಪಿದ.

ಮೂರು ವಾರ ಅವಳು ಕೊನೆಯ ಮಣೆಯ ಮೇಲೆ ಮೂಕ ಪ್ಯಾಸೆಂಜರಾಗಿ ಕುಳಿತಳು. ಮಾತಾಡು ಎಂದು ಅಂಬುಬಾಯಿ ಒಂದು ಸಲವೂ ಹೇಳಲಿಲ್ಲ. ಹಳೆ ಕ್ಯಾಲೆಂಡರ್ ಹರಿದ ಟಿಕೆಟು ಅವಳ ಕೈಗೂ ಕೊಡಿಸುತ್ತಿದ್ದರು, ಅಷ್ಟೇ. ಆಗಸ್ಟ್ ಮುಗಿಯುವ ಹೊತ್ತಿಗೆ ಒಂದು ದಿನ ಕಂಡಕ್ಟರನಿಗೆ ಜ್ವರ ಬಂತು, ಚೀಲ ಗೂಟಕ್ಕೆ ನೇತಾಡುತ್ತಿತ್ತು. ಸ್ನೇಹಲ್ ಎದ್ದು ಹೋಗಿ ಅದನ್ನು ಕೊರಳಿಗೆ ಹಾಕಿಕೊಂಡಳು. ಡಬ್ಬಿಗೆ ಎರಡು ಏಟು ಕೊಟ್ಟು, "ರಾಜೇಶ್ವರ ಯಾರ್ ಅದೀರಿ? ಇಳೀರಿ, ಲಗೂನ ಇಳೀರಿ!" ಎಂದು ಗದರಿದಳು. ಒಂದಕ್ಷರವೂ ತಡೆಯಲಿಲ್ಲ. ಅಂಬುಬಾಯಿ ಬುಟ್ಟಿ ಹೊತ್ತು, ಗೊಣಗುತ್ತ, ರಾಜೇಶ್ವರದಲ್ಲಿ ಇಳಿದುಹೋದರು. ಮಗಳನ್ನು ಕರೆದೊಯ್ಯಲು ಬಂದಿದ್ದ ಪೂನಂ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಲ್ಲೇ ಅತ್ತಳು.

ಅಂಥ ಪಡಸಾಲೆಗೆ ಈಗ ಅವಳೇ ವಹಿ ತಂದಿದ್ದಳು. ಯಾಕೆಂದರೆ ಇನ್ನು ನಾಲ್ಕು ದಿನಕ್ಕೆ ಮಹಾನವಮಿ, ಕಲ್ಯಾಣದಲ್ಲಿ ಮಾವ ಗುರುಶಾಂತಪ್ಪನವರ ಮನೆಯಲ್ಲಿ ಆಯುಧಗಳ ಖಂಡೆಪೂಜೆ. ಮೂವತ್ತೈದು ವರ್ಷ ಮಾಸ್ತರಿಕೆ ಮಾಡಿ ರಿಟೈರಾದ ಮನುಷ್ಯ. ಅಂದು ಅವರ ಮನೆಯ ದೇವರ ಮುಂದಿನ ಹಲಗೆಯ ಮೇಲೆ ಅಂಗಡಿಯ ತಕ್ಕಡಿ, ಹೊಲದ ಕುಡಗೋಲು ಇರುತ್ತಿದ್ದವು, ಜೊತೆಗೆ ಮೊಮ್ಮಕ್ಕಳೆಲ್ಲರ ಬರೆಯುವ ಪಾಟಿ, ವಹಿ. ಇಡುವ ಮೊದಲು ಮಾಸ್ತರರು ಹೆಬ್ಬೆರಳಿಗೆ ಉಗುಳು ಹಚ್ಚಿ ಪ್ರತಿ ವಹಿಯ ಪ್ರತಿ ಪುಟ ತಿರುವುತ್ತಿದ್ದರು. ಕೆಂಪು ಸಹಿ ಇಲ್ಲದ ಪುಟ ಅವರ ಲೆಕ್ಕಕ್ಕೆ ಪುಟವೇ ಅಲ್ಲ. ಈ ಸಲ ಸ್ನೇಹಲ್‌ಳ ವಹಿಯನ್ನೂ ತರಬೇಕೆಂದು ಹೇಳಿ ಕಳಿಸಿದ್ದರು. ಎರಡು ತಿಂಗಳಿಂದ ಆ ಹೊಸ ಶಾಲೆಯಲ್ಲಿ ಏನೂ ಕಲಿಸಿಲ್ಲವೆಂದಾದರೆ ಹಬ್ಬ ಮುಗಿಸಿಕೊಂಡು ಹುಡುಗಿಯನ್ನು ಕಲ್ಯಾಣದಲ್ಲೇ ಬಿಟ್ಟು ಹೋಗಬೇಕು, ತಾವೇ ಮುಂದೆ ಕೂಡಿಸಿಕೊಂಡು ತಿದ್ದಿಸುತ್ತೇವೆ ಎಂದೂ ಹೇಳಿದ್ದರು. ಹೊಸ ಪಾಟಿ ಆಗಲೇ ತಂದಿಟ್ಟಿದ್ದರಂತೆ.

"ನಿನ್ನ ಮಾವಗ ಒಂದ್ ಸಲ ಇಲ್ಲಿ ಕರಕೊಂಡ ಬಾ, ತಂಗಿ," ಎಂದರು ಅಂಬುಬಾಯಿ. "ಹುಡುಗಿ ಕಂಡಕ್ಟರ್ ಆಗೋದು ನೋಡ್ಲಿ. ನಾನೇ ತಿಳಿಸಿ ಹೇಳ್ತೀನಿ."

"ಅವರು ಕೇಳೋ ಮನಷ್ಯಾ ಅಲ್ರಿ." ಪೂನಂ ಅವರ ಕಾಲ ಹತ್ತಿರ ಕುಳಿತಳು. "ಕಲ್ಯಾಣದಾಗ ಬಿಟ್ರ ಮತ್ತ ಬಾಯಿ ಮುಚ್ಚಿಬಿಡ್ತಾಳ್ರಿ ಅಕ್ಕೋರೆ. ಒಂದೇ ಸಲ. ಪೂಜಾಕ್ಕ ಅಷ್ಟ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಪೂನಂ ಬಯಸಿದ್ದು ಅದನ್ನೇ. ಮೂಲೆಯಲ್ಲಿ ಸ್ನೇಹಲ್, ಟಿಕೆಟಿಲ್ಲದೆ ಕುಳಿತ ಸೀರೆಯ ಗೊಂಬೆಯೊಂದನ್ನು ಬಸ್ಸಿನಿಂದ ಇಳಿಸುತ್ತಿದ್ದಳು. ಅಂಬುಬಾಯಿ ಅವಳನ್ನೇ ನೋಡಿದರು, ಆಮೇಲೆ ವಹಿಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು.

"ಯಾವ ನಾಕ್ ವರ್ಷದ ಕೂಸು ಹೀಂಗ ದುಂಡಗ ಬರೀತದ? ಮಾಸ್ತರ್ ಮನಷ್ಯಾಗ ಒಂದ್ ನಿಮಿಷದಾಗ ಮಾಲೂಮ್ ಆಗ್ತದ," ಎಂದು ನಾಲ್ಕೂ ಪುಟ ಹರಿದರು. "ಎಡಗೈಲೆ ಬರಿ."

ಅಂದು ಮಧ್ಯಾಹ್ನ ಇಬ್ಬರೂ ಸರದಿಯಲ್ಲಿ ಎಡಗೈಯಿಂದ ಬರೆದರು. ಎಡಗೈಗೆ ಅ ಎಂದರೆ ಏನು ಗೊತ್ತು? ಹೊಟ್ಟೆ ಒಂದು ಕಡೆ, ಬಾಲ ಒಂದು ಕಡೆ. ಮಕ್ಕಳು ಎಲ್ಲಿ ತಪ್ಪುತ್ತವೆ ಎಂಬುದು ಅಂಬುಬಾಯಿಗೆ ಅಂಗೈಯ ಗೆರೆಯಷ್ಟು ಗೊತ್ತಿತ್ತು. ಇಲ್ಲಿ ಒತ್ತಿ ಬರಿ, ಇಲ್ಲಿ ಸಾಲು ಬಿಟ್ಟು ಕೆಳಗಿಳಿ, ‘ಈ’ ಬರೆಯುವಾಗ ಎರಡು ಸಲ ತಪ್ಪಿಬಿಡು ಎಂದು ಹೇಳಿಕೊಟ್ಟರು. ಹನ್ನೆರಡು ಪುಟ ಆಗುವಷ್ಟರಲ್ಲಿ ಇಬ್ಬರ ಬೆರಳೂ ಸೆಟೆದುಕೊಂಡು, ಅವರು ಬರೆದದ್ದನ್ನು ಇವಳು, ಇವಳು ಬರೆದದ್ದನ್ನು ಅವರು ನೋಡಿ ನಕ್ಕೂ ನಕ್ಕೂ ಸಾಕಾದರು. ಪೂನಂ ಎಷ್ಟೋ ತಿಂಗಳ ಮೇಲೆ ಹಾಗೆ ನಕ್ಕಿದ್ದಳು. ಸ್ನೇಹಲ್ ಬಂದು ಇಬ್ಬರ ನಡುವೆ ತಲೆ ತೂರಿಸಿ, "ಎಡಗೈಲೆ ಯಾಕ ಬರಿಯಾಕತ್ತೀರಿ?" ಎಂದು ಕೇಳಿದಳು. ವಹಿ ಹೀಂಗೇ ಬರೀಬೇಕವ್ವ ಎಂದು ಅಂಬುಬಾಯಿ ನಗುತ್ತಲೇ ಹೇಳಿ, ಕೆಂಪು ಶಾಯಿಯ ಪೆನ್ನು ಹುಡುಕಲು ಒಳಗೆ ಹೋದರು.

ಕಲ್ಯಾಣದ ಬಸ್ಸಿನಲ್ಲಿ ಮೂವರೂ ಹೊರಟಾಗ ಸ್ನೇಹಲ್ ಕಿಟಕಿಯ ಸೀಟು ಹಿಡಿದಳು. ರಾಜೇಶ್ವರ ಬರುವ ಮೊದಲೇ ಸೀಟಿನ ಮೇಲೆ ನಿಂತು, ರಾಜೇಶ್ವರ ಇಳೀರಿ ಎಂದು ಕೂಗಿದಳು. ಬಸ್ಸಿಗೆ ಬಸ್ಸೇ ನಕ್ಕಿತು. ಈ ನಗೆಗೆ ಅವಳು ಹೆದರಲಿಲ್ಲ. ಕಂಡಕ್ಟರು ಬಂದು, ನನ್ನ ನೌಕರಿ ಕಸಗೊಂತಿ ಏನವ್ವ ಎಂದು ಅವಳನ್ನು ಎತ್ತಿ, ಗಂಟೆಯ ಹಗ್ಗ ಅವಳ ಕೈಯಿಂದಲೇ ಎರಡು ಸಲ ಎಳೆಸಿದ. ಬಸವಕುಮಾರ ಹೆಂಡತಿಯ ಕಡೆ ನೋಡಿದ. ಇಂಥ ದಿನ ಬರುತ್ತದೆಂದು ಅವನೂ ಅಂದುಕೊಂಡಿರಲಿಲ್ಲ.

ಮಾಸ್ತರರು ಉಳಿದವರ ವಹಿಗಳನ್ನು ನೋಡಿ ಮುಗಿಸಿ, ಸ್ನೇಹಲ್‌ಳದನ್ನು ಕಡೆಗೆ ತೆಗೆದುಕೊಂಡರು. ಹೆಬ್ಬೆರಳಿಗೆ ಉಗುಳು ಹಚ್ಚಿದರು. ಮೊದಲ ಪುಟ ತಿರುವಿದರು, ಎರಡನೆಯದು ತಿರುವಿದರು. ಪೂನಂ ಅಡುಗೆಮನೆಯ ಬಾಗಿಲಲ್ಲಿ ಹೋಳಿಗೆಯ ಹಿಟ್ಟಿನ ಕೈ ಹಾಗೇ ಹಿಡಿದುಕೊಂಡು ನಿಂತಿದ್ದಳು. ‘ಈ’ ಅಕ್ಷರದ ಪುಟಕ್ಕೆ ಬಂದಾಗ ಅವರ ಬೆರಳು ನಿಂತಿತು. ಸಿಕ್ಕಿಬಿದ್ದೆ ಎಂದುಕೊಂಡಳು. ಮಾಸ್ತರರು ಕನ್ನಡಕ ತೆಗೆದು ಧೋತರದ ಅಂಚಿನಿಂದ ಕಣ್ಣೊರೆಸಿಕೊಂಡರು.

"ಇಲ್ಲಿ ಬಾ ನೋಡು," ಎಂದು ಹೆಂಡತಿಯನ್ನು ಕರೆದರು. "ಮೂಗಿ ಅಂತಿದ್ದಿ. ಎರಡ್ ಸಲ ತಪ್ಪ್ಯಾಳ, ಮೂರನೇ ಸಲ ತಾನೇ ತಿದ್ದಿಕೊಂಡಾಳ. ಇದನ್ನ ಕಲಿಸಿದ ಅಕ್ಕೋರಿಗೆ ನಾ ಹೋಗಿ ಕೈ ಮುಗಿದು ಬರಬೇಕು."

ವಹಿಗೆ ವಿಭೂತಿ ಹಚ್ಚಿ, ಹೂವಿಟ್ಟು, ತಕ್ಕಡಿಗಿಂತ ಮೇಲೆ ಎಲ್ಲಕ್ಕೂ ತುದಿಯಲ್ಲಿ ಇಟ್ಟರು. ಮೊಮ್ಮಗಳನ್ನು ಕಲ್ಯಾಣದಲ್ಲಿ ಬಿಡುವ ಮಾತೇ ಬರಲಿಲ್ಲ. ಆ ರಾತ್ರಿ ಪೂನಂ ಹಗುರಾಗಿ ಮಲಗಿದಳು. ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ. ಈ ಸುಳ್ಳಿಗೆ ಕಾಲೂ ಇದ್ದವು, ಹುಮನಾಬಾದಿನ ದಾರಿಯೂ ಗೊತ್ತಿತ್ತು.

ಹಬ್ಬ ಮುಗಿದು ಎಂಟನೆಯ ದಿನ ಗುರುಶಾಂತಪ್ಪ ಮಾಸ್ತರರು ಮೊದಲ ಬಸ್ಸಿಗೇ ಬಂದಿಳಿದರು. ಬಗಲಲ್ಲಿ ಒಂದು ಗಂಟು, ರಿಕ್ಷಾದ ಮೇಲೆ ಹಗ್ಗ ಕಟ್ಟಿದ ಕರಿಹಲಗೆ. ಅಂಗಡಿಗೆ ಹೋಗಿ ಮಗನನ್ನು ಎಬ್ಬಿಸಿಕೊಂಡರು, ಪಕ್ಕದ ಶಂಶುದ್ದೀನನನ್ನೂ ಕರೆದರು, ದಾರಿಯಲ್ಲಿ ಕಂಡ ತಾಯಿತಂದೆಯರನ್ನೆಲ್ಲ ಸೇರಿಸಿಕೊಂಡು ಪಡಸಾಲೆಗೆ ಬಂದರು. ಸುದ್ದಿ ತಿಳಿದು ಪೂನಂ ಓಡಿಬರುವಷ್ಟರಲ್ಲಿ ಬಸ್ಸಿನ ಮಣೆಗಳನ್ನೆಲ್ಲ ಸರಿಸಿ ಹಲಗೆಗೆ ಜಾಗ ಮಾಡಿ ಆಗಿತ್ತು. ಅಂಬುಬಾಯಿಯವರ ಕೊರಳಲ್ಲಿ ಚೆಂಡುಹೂವಿನ ಹಾರ, ತಲೆಯ ಮೇಲೆ ಹೊತ್ತಿದ್ದ ಆಟದ ಬುಟ್ಟಿ ಇನ್ನೂ ಕೈಯಲ್ಲೇ ಇತ್ತು.

ಮಾಸ್ತರರು ಗಂಟು ಬಿಚ್ಚಿದರು. ಹದಿನಾಲ್ಕು ವಹಿ. ಎಲ್ಲಕ್ಕೂ ತಾವೇ ಕಂದು ಕಾಗದ ಹಾಕಿ, ಮೊದಲ ಪುಟದಲ್ಲಿ ತಮ್ಮ ಮುತ್ತಿನಂಥ ಅಕ್ಷರದಲ್ಲಿ ಶ್ರೀ ಬರೆದಿದ್ದರು. ರಾಜೇಶ್ವರದಿಂದ ಹಿಡಿದು ಎಷ್ಟೋ ಊರಲ್ಲಿ ನೌಕರಿ ಮಾಡಿದೆ, ಮಾತು ಬಾರದ ಕೂಸಿಗೆ ಎರಡು ತಿಂಗಳಲ್ಲಿ ಅಕ್ಷರ ತಿದ್ದಿಸಿದ ಇಂಥ ಅಕ್ಕೋರನ್ನು ಕಾಣಲಿಲ್ಲ ಎಂದು ಎಲ್ಲರೆದುರು ಹೇಳಿದರು. ವಿಭೂತಿ ಮೆತ್ತಿದ ಸ್ನೇಹಲ್‌ಳ ವಹಿ ಕೈಯಿಂದ ಕೈಗೆ ಹೋಯಿತು. ಶಂಶುದ್ದೀನ್ ಅದನ್ನು ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿದ.

"ಅಕ್ಕಾ, ಐದ್ ವರ್ಷದ ಮಟ ಬರ್ಸಂಗಿಲ್ಲ ಅಂದ್ರಿ, ನಾ ಒಪ್ಪಿದೆ," ಎಂದ. ಅವನ ದನಿಯಲ್ಲಿ ಸಿಟ್ಟಿಗಿಂತ ನೋವಿತ್ತು. "ಈ ಹುಡುಗಿಗೆ ಬರಸೀರಿ. ನಮ್ಮ ಮಹಜಬೀನ್ ಏನ್ ಪಾಪ ಮಾಡ್ಯಾಳ?"

ಅಂಬುಬಾಯಿ ಪೂನಂಳ ಕಡೆ ನೋಡಿದರು. ಒಂದೇ ಒಂದು ಸಲ. ಈಗ ಬಾಯಿ ಬಿಟ್ಟರೆ ಪೂನಂಳೇ ಬಿಡಬೇಕಿತ್ತು. ಬಿಟ್ಟರೆ ಮಗಳು ಕಲ್ಯಾಣದ ಪಾಲು, ಜೊತೆಗೆ ಪೂಜೆಗಿಟ್ಟ ಸುಳ್ಳು ನಾಲ್ಕು ಜನರ ಮುಂದೆ ಬಯಲು. ಗಂಡ ಅಲ್ಲೇ ನಿಂತು ಜಂತಿ ನೋಡುತ್ತಿದ್ದ. ಪೂನಂ ತಲೆ ತಗ್ಗಿಸಿದಳು. ಅಂಬುಬಾಯಿ ಬುಟ್ಟಿ ಕೆಳಗಿಟ್ಟು ಹದಿನಾಲ್ಕು ವಹಿಗಳನ್ನು ಎರಡೂ ಕೈಯಿಂದ ತೆಗೆದುಕೊಂಡರು.

ಅಷ್ಟಕ್ಕೇ ಮುಗಿದಿದ್ದರೂ ಆಗುತ್ತಿತ್ತು. ಮಾಸ್ತರರು ಮೊಮ್ಮಗಳನ್ನು ಹಲಗೆಯ ಮುಂದೆ ಕರೆದು ಕೈಗೆ ಸುಣ್ಣದ ಕಡ್ಡಿ ಕೊಟ್ಟರು.

"ಎಲ್ಲಾರಿಗಿಂತ ನೀ ಮುಂದ ಅದಿ ಕೂಸೆ. ಒಂದ್ ಅ ಬರದು ತೋರ್ಸು, ಮುತ್ಯಾನ ಮರ್ಯಾದಿ ಉಳಿಸು."

ಸ್ನೇಹಲ್ ಕಡ್ಡಿಯನ್ನು ನೋಡಿದಳು. ಅವ್ವನನ್ನು ನೋಡಿದಳು, ಅಕ್ಕೋರನ್ನು ನೋಡಿದಳು. ಅವಳ ಕಡೆಯಿಂದ ತಪ್ಪೇನೂ ಇರಲಿಲ್ಲ. ವಹಿ ಹೇಗೆ ಬರೆಯುತ್ತಾರೆಂದು ಅವಳು ಕಣ್ಣಾರೆ ಕಂಡಿದ್ದಳು. ಕಡ್ಡಿಯನ್ನು ಎಡಗೈಗೆ ಬದಲಿಸಿಕೊಂಡು ಹಲಗೆಯ ಮೇಲೆ ಒಂದು ಅಡ್ಡಗೆರೆ ಎಳೆದಳು. ಯಾರೋ ಕಿಸಕ್ಕೆಂದರು. ಬಲಗೈಲೆ, ಬಲಗೈಲೆ ಎಂದು ಮಾಸ್ತರರು ಪ್ರೀತಿಯಿಂದಲೇ ಅವಳ ಬೆರಳು ಬಿಡಿಸಿ ಕಡ್ಡಿಯನ್ನು ಆ ಕೈಗೆ ಕೊಟ್ಟರು. ಹುಡುಗಿ ಏನೋ ಹೇಳಲು ಬಾಯಿ ತೆರೆದಳು. ಮೊದಲಕ್ಷರ ಸಿಕ್ಕಿಕೊಂಡಿತು. ತುಟಿ ನಡುಗಿತು, ಕೊರಳ ನರ ಉಬ್ಬಿತು, ಮತ್ತೆ ಯತ್ನಿಸಿದಳು, ಮತ್ತೆ ಅದೇ ಅಕ್ಷರ. ಈಗ ಮಕ್ಕಳೂ ನಕ್ಕವು. ಮಹಜಬೀನ್ ಕೂಡ ನಕ್ಕಳು. ಸ್ನೇಹಲ್ ಬಾಯಿ ಮುಚ್ಚಿದಳು.

ನಾಚಿಕಿ ಅದ ಹುಡುಗಿಗಿ ಎಂದು ಮಾಸ್ತರರು ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ಅಂಬುಬಾಯಿ ಒಂದೇ ನೆಗೆತಕ್ಕೆ ಬಂದು ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಒಳಗೆ ಹೋದರು. ಅವರ ಸೀರೆಯ ಮುಂಭಾಗ ಒದ್ದೆಯಾದದ್ದು ಪೂನಂ ಒಬ್ಬಳಿಗೇ ಕಂಡಿತು.

ಆ ಮೇಲೆ ಪಡಸಾಲೆಯಲ್ಲಿ ಮಣೆಗಳು ಹಲಗೆಯ ಕಡೆ ಮುಖ ಮಾಡಿದವು. ಬೆಳಗ್ಗೆ ಒಂದು ತಾಸು ಬರೆಸಿ ಉಳಿದ ಹೊತ್ತು ಆಡಿಸೋಣವೆಂದು ಅಂಬುಬಾಯಿ ನೋಡಿದರು. ಆದರೆ ಆಟದ ಹೊತ್ತಿಗೇ ಯಾರಾದರೂ ಕಿಟಕಿಯಲ್ಲಿ ಇಣುಕುತ್ತಿದ್ದರು. ಪಕ್ಕದವನ ಮಗನದು ಹತ್ತು ಪುಟ, ನಮ್ಮವನದು ಆರೇ ಪುಟ ಯಾಕೆ ಎಂದು ಕೇಳುತ್ತಿದ್ದರು. ನೆಟ್ಟಗೆ ಬರೆಸದಿದ್ದರೆ ಬಿಡಿಸಿ ಕಾನ್ವೆಂಟಿಗೆ ಹಾಕುತ್ತೇವೆ ಎಂದು ಮೂವರು ಬಾಯಿಬಿಟ್ಟೇ ಹೇಳಿದರು. ಉಸುಕಿನ ಗುಡ್ಡೆಯನ್ನು ಯಾರೋ ಗೋಡೆಯ ಗಿಲಾವಿಗೆಂದು ಒಯ್ದರು. ಹುಣಸೆಬೀಜದ ಡಬ್ಬಿ ಅಟ್ಟಕ್ಕೆ ಹೋಯಿತು. ಸ್ನೇಹಲ್ ದಿನಾ ಬಂದು ಕೊನೆಯ ಮಣೆಯ ಮೇಲೆ ಕುಳಿತು ಬಲಗೈಯಿಂದ ಬರೆಯುತ್ತಿದ್ದಳು. ಹೇಳಿದ್ದೆಲ್ಲ ಬರೆಯುತ್ತಿದ್ದಳು. ಮನೆಯಲ್ಲಿ ನೀರು ಬೇಕಾದರೆ ಮತ್ತೆ ಲೋಟ ತಂದು ಹಿಡಿಯುತ್ತಿದ್ದಳು.

ದೀಪಾವಳಿಯ ಮುಂದೆ ಒಂದು ಸಂಜೆ ಪೂನಂ ಮನಸ್ಸು ಗಟ್ಟಿ ಮಾಡಿಕೊಂಡು ಹೋದಳು. ಅಂಬುಬಾಯಿ ವಹಿಗಳನ್ನು ತೊಡೆಯ ಮೇಲಿಟ್ಟುಕೊಂಡು ಕೆಂಪು ಶಾಯಿಯಿಂದ ಒಂದೊಂದಕ್ಕೂ ಸಹಿ ಹಾಕುತ್ತಿದ್ದರು. ಮಾವನ ಮುಂದೆ ಎಲ್ಲ ಖರೇ ಹೇಳಿಬಿಡುತ್ತೇನೆ, ಆದದ್ದಾಗಲಿ ಎಂದಳು ಪೂನಂ.

"ಏನ್ ಹೇಳ್ತಿ?" ಅಂಬುಬಾಯಿ ತಲೆ ಎತ್ತಲಿಲ್ಲ. "ಹೇಳಿದ್ರ ನೀ ಸುಳ್ಳಿ ಆಗ್ತಿ, ನಾ ಸುಳ್ಳಿ ಆಗ್ತೀನಿ. ಹುಡುಗಿ ಕಲ್ಯಾಣಕ್ಕ ಹೋಗ್ತಾಳ. ವಹಿ ಹಂಗೇ ಉಳೀತಾವ." ಇನ್ನೊಂದು ಪುಟ ತಿರುವಿದರು. "ಒಂದ್ ಕೂಸಿಗಿ ಸುಳ್ಳ ಬರದೆ ನಾನು. ಈಗ ಹದಿನಾಕು ಕೂಸು ಖರೇನ ಬರಿಯಾಕತ್ತಾವ. ನಿನಗ ಬೇಡ ಅನ್ನೋದು ನನ್ನ ಕೈಯಾಗಿತ್ತು ತಂಗಿ, ಅನ್ನಲಿಲ್ಲ."

ಬಿಡಿಸಿ ಬೇರೆ ಕಡೆ ಹಾಕೋಣವೆಂದರೆ ಹುಮನಾಬಾದಿನಲ್ಲಿ ಅಂಥ ಇನ್ನೊಂದು ಪಡಸಾಲೆ ಇರಲಿಲ್ಲ. ಮನೆಯಲ್ಲೇ ಇಟ್ಟುಕೊಳ್ಳೋಣವೆಂದರೆ, ಇಷ್ಟು ಚಂದ ಬರೆಯುವ ಹುಡುಗಿಯನ್ನು ಯಾಕೆ ಬಿಡಿಸಬೇಕು ಎಂದು ಬಸವಕುಮಾರ ಕೇಳಿದ. ಅವನು ಕೆಟ್ಟವನಲ್ಲ. ಮಾತು ಇವತ್ತಲ್ಲ ನಾಳೆ ಬರುತ್ತದೆ, ಒಮ್ಮೆ ಬಂದಿತ್ತಲ್ಲ ಎಂದು ಹೆಂಡತಿಗೆ ಸಮಾಧಾನ ಹೇಳಿದ. ಒಮ್ಮೆ ಬಂದಿತ್ತು ಎಂಬುದೇ ಪೂನಂಳ ಸಂಕಟವಾಗಿತ್ತು. ಬಾರದ ಮಾತಾಗಿದ್ದರೆ ದೇವರನ್ನು ಬೈಯಬಹುದಿತ್ತು.

ಎಳ್ಳ ಅಮಾವಾಸ್ಯೆಗೆ ಹೊಲದ ಪೂಜೆಗೆಂದು ಕಲ್ಯಾಣದಿಂದ ಕರೆ ಬಂತು. ಬಸ್ಸಿನ ತುಂಬ ಭಜ್ಜಿ, ಸಜ್ಜೆ ರೊಟ್ಟಿಯ ಬುಟ್ಟಿಗಳು, ಹಸಿ ಕಡಲೆಗಿಡದ ವಾಸನೆ. ಸ್ನೇಹಲ್ ಕಿಟಕಿಯ ಬಳಿ ಕುಳಿತಿದ್ದಳು. ತುಂಬಿ ಮುಗಿದ ಎರಡು ವಹಿಗಳು ಅವಳ ತೊಡೆಯ ಮೇಲಿನ ಚೀಲದಲ್ಲಿದ್ದವು. ಮುತ್ಯಾ ನೋಡಬೇಕೆಂದು ಹೇಳಿ ಕಳಿಸಿದ್ದರು. ಕಂಡಕ್ಟರು ಅವನೇ. ಟಿಕೆಟು ಕೊಡುವಾಗ ಹುಡುಗಿಯ ಗುರುತು ಹಿಡಿದು, ಏನ್ ಸಾಹೇಬ್ರೆ ಇವತ್ತು ಡ್ಯೂಟಿ ಇಲ್ಲೇನ್ರಿ ಎಂದು ಕೇಳಿ, ಉತ್ತರ ಬಾರದ್ದಕ್ಕೆ ಅವಳ ಗಲ್ಲ ಹಿಂಡಿ ಮುಂದೆ ಹೋದ.

ರಾಜೇಶ್ವರ ಹತ್ತಿರವಾಯಿತು. ಪೂನಂ ಮಗಳ ಕಿವಿಯ ಬಳಿ ಬಾಗಿ, ಯಾರಿಗೂ ಕೇಳದಂತೆ, "ರಾಜೇಶ್ವರ ಯಾರ್ ಅದೀರಿ," ಎಂದು ಹೇಳಿ, ಮುಂದಿನ ಮಾತನ್ನು ಅವಳಿಗೆ ಬಿಟ್ಟು ಕಾದಳು. ಬಸ್ಸು ನಿಧಾನವಾಯಿತು. ಇಳಿಯುವವರು ಬುಟ್ಟಿ ಎತ್ತಿಕೊಂಡರು. ಬಾಗಿಲಲ್ಲಿ ನಿಂತ ಕಂಡಕ್ಟರು ತನ್ನ ದನಿಯಲ್ಲೇ ಊರ ಹೆಸರು ಕೂಗಿದ.

ಸ್ನೇಹಲ್ ಕಿಟಕಿಯ ಗಾಜಿನ ಧೂಳಿನ ಮೇಲೆ ಬೆರಳಿನಿಂದ ಬರೆಯುತ್ತಿದ್ದಳು. ಬಲಗೈಯ ತೋರುಬೆರಳು. ಅ, ಅದರ ಪಕ್ಕ ಆ. ದುಂಡಗೆ, ಸಾಲು ತಪ್ಪದೆ ಬರೆದಿದ್ದಳು. ಕಂಡಕ್ಟರು ಹಗ್ಗ ಎರಡು ಸಲ ಎಳೆದ, ಬಸ್ಸು ಹೊರಟಿತು. ಹುಡುಗಿ ಬೆರಳನ್ನು ಲಂಗಕ್ಕೆ ಒರೆಸಿಕೊಂಡು, ಗಾಜಿನಲ್ಲಿ ಉಳಿದಿದ್ದ ಜಾಗದಲ್ಲಿ ಇ ಬರೆಯತೊಡಗಿದಳು.